ಕತ್ತರಿ ಗುರುತಿನ ಮೊಟ್ಟೆ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಶುರುವಾದ ವಾರವೇ, ಗಂಜಿಗೆ ಚಮಚ ಇಳಿಸುವ ಮೊದಲು, ಅಕ್ಕ ಬಾಯಿ ಬಿಟ್ಟಳು.

“ಆ ಹೊಲಿಗೆ ಕಾರ್ಖಾನೆಯೋರು ಮತ್ತೆ ಫೋನ್ ಮಾಡಿದ್ರು. ಕಟಿಂಗ್ ಟೇಬಲ್ಲಿಗೆ ಆಳು ಬೇಕಂತೆ. ಹಬ್ಬದ ಮಾರನೇ ದಿನ ಬಂದ್ರೆ ಬಾ, ಈ ಸಲಾನೂ ಬರಲಿಲ್ಲ ಅಂದ್ರೆ ಇನ್ನು ಕರೆಯೋದಿಲ್ಲ ಅಂದ್ರು. ಇರೋದಕ್ಕೆ ಅಲ್ಲೇ ಮಹಡಿ ಮೇಲೆ ರೂಮಿದೆ.”

ಅಪ್ಪ ಉಪ್ಪಿನ ಡಬ್ಬಿ ಹುಡುಕತೊಡಗಿದ. ಅದು ಅವನ ಮೊಣಕೈ ಪಕ್ಕದಲ್ಲೇ ಕೂತಿತ್ತು. ಅಮ್ಮ ಪಾತ್ರೆಯ ತಳ ಕೆರೆದಳು. ತಳದಲ್ಲಿ ಏನೂ ಇರಲಿಲ್ಲ.

ಪಕ್ಕದ ಕೋಣೆಯ ಮಂಚದಿಂದ ಅಜ್ಜಿ ಕೂಗಿದಳು: “ಏನಂತೆ?”

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋದಕ್ಕೆ ಇಷ್ಟು ಹೊತ್ತು ಬೇಕಾ?”

ಅಜ್ಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ವರ್ಷಗಳಾಗಿವೆ. ಕಿವಿಗೂ ನಾಲಿಗೆಗೂ ಮಾತ್ರ ಏನೂ ಆಗಿಲ್ಲ.

“ನೋಡೋಣ ಬಿಡಮ್ಮ,” ಅಂದ ಅಪ್ಪ ಅಕ್ಕನಿಗೆ, ಕೊನೆಗೂ ಉಪ್ಪು ಸಿಕ್ಕ ಮೇಲೆ. “ಹಬ್ಬ ಬರಲಿ. ಜಡೆ ಏನು ಹೇಳುತ್ತೋ ನೋಡೋಣ.”

ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. “ಜಡೆ ಹೇಳುತ್ತಂತೆ! ಬೆಳಗಾದ್ರೆ ರಾಶಿ ರಾಶಿ ಬ್ರೆಡ್ಡು ಸುಡ್ತೀನಿ ನಾನು. ಒಂದಾದ್ರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.”

“ನೀನು ಸುಡೋದು ಬೇಕರಿ ಬ್ರೆಡ್ಡು ಕಣೋ ಬನ್ನು,” ಒಳಗಿನಿಂದ ಅಜ್ಜಿ. “ಅದಕ್ಕೆ ದೇವರೂ ಇಲ್ಲ, ದಿಂಡರೂ ಇಲ್ಲ.”

ಬನ್ನು ಅಂದರೆ ನಾನು. ಬೇಕರಿ ಕೆಲಸಕ್ಕೆ ಸೇರಿದ ದಿನ ಅಜ್ಜಿ ಇಟ್ಟ ಹೆಸರು. ಜಡೆ ಅಂದರೆ ನಮ್ಮ ಮನೆಯ ಈಸ್ಟರ್ ಬ್ರೆಡ್ಡು. ಬೆಣ್ಣೆ, ಹಾಲು, ಸಕ್ಕರೆ ಹಾಕಿ ನಾದಿದ ಹಿಟ್ಟನ್ನು ಮೂರು ಎಳೆ ಮಾಡಿ, ಹೆಣ್ಣುಮಗುವಿಗೆ ಜಡೆ ಹಾಕಿದ ಹಾಗೆ ಹೆಣೆದು, ತುದಿಗೆ ತುದಿ ಕೂಡಿಸಿ ಚಕ್ರ ಮಾಡುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಹಸಿ ಮೊಟ್ಟೆಗಳನ್ನು ಚಿಪ್ಪಿನ ಸಮೇತ ಎಳೆಗಳ ಸಂದಿನಲ್ಲಿ ಹುದುಗಿಸುತ್ತಾರೆ. ಬ್ರೆಡ್ಡಿನ ಜತೆಗೇ ಮೊಟ್ಟೆಯೂ ಬೇಯುತ್ತದೆ. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಒಬ್ಬೊಬ್ಬರ ಗುರುತು. ನೀರಿನ ಟ್ಯಾಂಕರ್ ಓಡಿಸುವ ಅಪ್ಪನಿಗೆ ಚಕ್ರ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಅಮ್ಮನಿಗೆ ಇಸ್ತ್ರಿಪೆಟ್ಟಿಗೆ. ಅಕ್ಕನಿಗೆ ಕತ್ತರಿ. ಅಜ್ಜಿಗೆ ಶಿಲುಬೆ. ನನಗೆ ಸೊನ್ನೆ. ಬನ್ನು ಗುಂಡಗೆ ತಾನೇ ಇರೋದು ಎಂದು ಅಜ್ಜಿಯ ವಿವರಣೆ. ಎಂಟನೇ ಕ್ಲಾಸಿನ ಲೆಕ್ಕದ ಪೇಪರಿನಿಂದ ಇವನ ಜತೆ ಎದ್ದು ಬಂದ ಗುರುತು ಅದು ಎಂದು ಅಪ್ಪನ ವಿವರಣೆ. ಆ ಪೇಪರಾದ ಮೇಲೆ ನಾನು ಸ್ಕೂಲಿನ ಕಡೆ ತಲೆ ಹಾಕಿಯೂ ಮಲಗಿಲ್ಲ.

ಒಲೆಯಲ್ಲಿ ಯಾರ ಮೊಟ್ಟೆ ಒಡೆಯುತ್ತದೋ ಅವರು ಮುಂದಿನ ಈಸ್ಟರಿನವರೆಗೆ ಮನೆ ಬಿಟ್ಟು ಬೇರೆ ಕಡೆ ನೆಲೆಸುವಂತಿಲ್ಲ. ಬಿಟ್ಟರೆ ಕೇಡು. ಅಜ್ಜಿಯ ಅತ್ತೆ ತಂದ ಪದ್ಧತಿಯಂತೆ. ಬೇರೆ ಮನೆಗಳಲ್ಲಿ ಈಸ್ಟರ್ ಮೊಟ್ಟೆಗೆ ಬಣ್ಣ ಹಚ್ಚಿ ಮಕ್ಕಳ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಅದರಿಂದ ಬೇಡಿ ಹಾಕುತ್ತಾರೆ.

ಹಿಂದಿನ ವರ್ಷ ಕತ್ತರಿ ಒಡೆದಿತ್ತು. ಅದರ ಹಿಂದಿನ ವರ್ಷ ಕತ್ತರಿ. ಅದಕ್ಕೂ ಹಿಂದಿನ ವರ್ಷವೂ ಕತ್ತರಿಯೇ.

*

ಬೇಕರಿಯ ಕೆಲಸ ಮುಗಿಸಿ ಮಧ್ಯಾಹ್ನ ಮೆಟ್ಟಿಲು ಹತ್ತುವಾಗಲೇ ಅಕ್ಕನ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತದೆ. ಅಡುಗೆಮನೆಯ ಮೂಲೆಯಲ್ಲಿ, ಸಿಂಕಿಗೂ ಕಿಟಕಿಗೂ ನಡುವೆ ಅವಳ ಮಿಷನ್ನು. ಕೆಳಗಿನ ಅಂಗಡಿಯವರಿಗೆ ಸ್ಕೂಲ್ ಯೂನಿಫಾರ್ಮಿನ ಕಾಲರು ಹೊಲಿದು ಕೊಡುತ್ತಾಳೆ. ಬರೀ ಕಾಲರು. ಅಂಗಿಯ ಉಳಿದ ಭಾಗ ಬೇರೆ ಯಾರದೋ ಮನೆಯಲ್ಲಿ ಆಗುತ್ತದೆ. “ನನ್ನ ಕೈಲಿ ಇಡೀ ಅಂಗಿ ಕತ್ತರಿಸಿ ಯಾವ ಕಾಲ ಆಯ್ತೋ,” ಅನ್ನುತ್ತಿದ್ದಳು. “ಕತ್ತು ಮಾತ್ರ ನಂದು, ಮುಂಡ ಇನ್ಯಾರದೋ.”

ಕಾಲರಿನ ನಡುವೆ ಅಜ್ಜಿಯನ್ನು ಮಗ್ಗುಲು ಬದಲಿಸಬೇಕು. ಹೊತ್ತು ಹೊತ್ತಿಗೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಗ್ಗುಲಿಗೆ ತಿರುಗಿಸಿ, ಕೆಳಗಿನ ಬಟ್ಟೆ ಎಳೆದು, ಒರೆಸಿ, ಪೌಡರ್ ಹಾಕಿ, ಹೊಸ ಬಟ್ಟೆ ತೂರಿಸಿ, ಮತ್ತೆ ಈಚೆ ತಿರುಗಿಸಬೇಕು. ಆಮೇಲೆ ಕುರ್ಚಿಗೆ. ಅಕ್ಕ ಒಂದು ಮೊಣಕಾಲನ್ನು ಮಂಚದ ಮೇಲೆ ಊರಿ, “ಕತ್ತು ಹಿಡ್ಕೋ ಅಜ್ಜಿ,” ಅನ್ನುತ್ತಾಳೆ. ಅಜ್ಜಿ ಆಡುವ ಎಡಗೈಯನ್ನು ಅಕ್ಕನ ಕುತ್ತಿಗೆಗೆ ಹಾಕುತ್ತಾಳೆ. ಅಕ್ಕ ಎತ್ತುತ್ತಾಳೆ.

“ಸೊಂಟ ಹಿಡೀತೇನೇ?” ಅಜ್ಜಿ ಕೇಳುತ್ತಾಳೆ.

“ಇಲ್ಲ, ಡ್ಯಾನ್ಸ್ ಮಾಡ್ತಿದೀನಿ.”

ನಾನು ಆಗ ಏನು ಮಾಡುತ್ತಿರುತ್ತೇನೆ? ಬಾಗಿಲ ಹತ್ತಿರ ನಿಂತು ಬೈಯುತ್ತಿರುತ್ತೇನೆ. “ಇದು ಒಂದು ಬಾಳೇನೇ? ಮನೆಯೋ ಜೈಲೋ?” ಅಕ್ಕ ಸುಧಾರಿಸಿಕೊಂಡು, “ಬೈದದ್ದು ಮುಗಿದಿದ್ರೆ ಆ ಬಕೆಟ್ ಇತ್ತ ತಳ್ಳು,” ಅನ್ನುತ್ತಾಳೆ.

ಒಂದು ದಿನ ಕೇಳಿಯೇಬಿಟ್ಟೆ. “ನಿಂಗೆ ಈ ಮೊಟ್ಟೆ ಶಾಸ್ತ್ರದಲ್ಲಿ ನಂಬಿಕೆ ಇದೆಯಾ?”

ಅವಳು ಕಾಲರಿನ ಮೂಲೆಯನ್ನು ಸೂಜಿಯಿಂದ ಹೊರಗೆ ಚುಚ್ಚಿ ತೆಗೆದಳು. “ಮೊಟ್ಟೆ ಒಡೀತು ಅಂತ ನಾನು ಉಳಿದಿದ್ದಲ್ಲ ಕಣೋ. ಒಡೆದಾಗ ನೀವೆಲ್ಲ ಉಸಿರು ಬಿಟ್ರಿ ನೋಡು, ಉಸ್ಸಂತ, ಅದು ನಂಗೆ ಕೇಳಿಸ್ತು. ಅದಕ್ಕೆ ಉಳ್ಕೊಂಡೆ.”

“ನಾನು ಬಿಡಲಿಲ್ಲ.”

“ನೀನೂ ಬಿಟ್ಟೆ.”

ಅವತ್ತು ಅವಳ ಜತೆ ಮಾತು ಬಿಟ್ಟೆ. ಸಂಜೆಗೆ ಮತ್ತೆ ಶುರು ಮಾಡಿದೆ, ಟೀ ಬೇಕಿತ್ತು.

*

ಬೇಕರಿಯಲ್ಲಿ ನನ್ನ ಮೇಲೆ ಒಲೆ ಮೇಸ್ತ್ರಿ ಇದ್ದರು. ಹುಬ್ಬಿನ ಕೂದಲು ಸುಟ್ಟು ಹೋಗಿ ಯಾವಾಗಲೂ ಆಶ್ಚರ್ಯಪಟ್ಟವರ ಹಾಗೆ ಕಾಣುತ್ತಿದ್ದರು. ಅವರು ಹಬ್ಬದ ಮರುವಾರ ಬೇರೆ ಊರಿನ ದೊಡ್ಡ ಬೇಕರಿಗೆ ಹೋಗುವವರಿದ್ದರು. ಹೊಸ ಒಲೆಗೆ ಕೈ ಕೆಳಗೆ ಒಬ್ಬ ಬೇಕು.

“ಬರ್ತೀಯೇನೋ? ಇಲ್ಲಿದ್ರೆ ಬನ್ನು ಬನ್ನಾಗೇ ಇರ್ತೀಯ. ಅಲ್ಲಿ ಕೇಕಿಗೆ ಕೈ ಹಾಕಿಸ್ತೀನಿ.”

ಬರ್ತೀನಿ ಅಂದೆ. ಯೋಚಿಸಲೂ ಇಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಅಕ್ಕನೂ ಹೋಗಬೇಕು, ನಾನೂ ಹೋಗಬೇಕು, ಆ ಮನೆ ಅದರ ಹಣೆಬರಹದ ಜತೆ ಅಲ್ಲೇ ಬಿದ್ದಿರಲಿ ಎಂದು ನನ್ನ ಲೆಕ್ಕ. ಲೆಕ್ಕದಲ್ಲಿ ನನಗೆ ಎಷ್ಟು ಬಂದಿತ್ತು ಎಂದು ಮೊದಲೇ ಹೇಳಿದ್ದೇನೆ.

ತಟ್ಟೆ ಉಜ್ಜುತ್ತಾ ಅವರನ್ನು ಕೇಳಿದೆ, ಬ್ರೆಡ್ಡಿನಲ್ಲಿಟ್ಟ ಮೊಟ್ಟೆ ಯಾಕೆ ಒಡೆಯುತ್ತೆ ಅಂತ.

“ಐಸ್‌ಪೆಟ್ಟಿಗೆಯಿಂದ ತಣ್ಣಗಿರೋದನ್ನ ತೆಗೆದು ನೇರ ಒಲೆಗಿಟ್ರೆ ಸೀಳುತ್ತೆ. ಬಿಗಿಯಾಗಿ ಹೆಣೆದ್ರೆ, ಹಿಟ್ಟು ಉಬ್ಬೋಕೆ ಜಾಗ ಇಲ್ದೆ ಮೊಟ್ಟೆನ ಹಿಂಡುತ್ತೆ. ಇಲ್ಲಾ ಒಂದೇ ಮಗ್ಗುಲಿಗೆ ಉರಿ ಜಾಸ್ತಿ ಇದ್ರೆ. ಮನೆ ಒಲೆಗಳಲ್ಲಿ ಹಿಂದಿನ ಮೂಲೆ ಯಾವಾಗ್ಲೂ ರಾಕ್ಷಸ.”

ನನ್ನ ಕೈ ತಟ್ಟೆಯ ಮೇಲೆ ನಿಂತುಹೋಯಿತು. ನಮ್ಮ ಮನೆಯಲ್ಲಿ ಹೆಣೆಯುವವಳು ಅಕ್ಕ. ಆದರೆ ಮೊಟ್ಟೆ ಇಡುವವಳು, ತಟ್ಟೆಯನ್ನು ಒಲೆಯೊಳಗೆ ತಳ್ಳುವವಳು ಅಮ್ಮ. ತಳ್ಳುವ ಮೊದಲು ಪ್ರತಿ ವರ್ಷವೂ ಅವಳು ಆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದಳು. ಅದೂ ಒಂದು ಶಾಸ್ತ್ರ ಎಂದುಕೊಂಡಿದ್ದೆ.

*

ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಪೂಜೆ ಮುಗಿಸಿ ಬಂದು ಅಮ್ಮ ಮಹಡಿಯ ತಂತಿಯಲ್ಲಿ ಅಜ್ಜಿಯ ಬಟ್ಟೆ ಹರವುತ್ತಿದ್ದಳು. ವಾರವಿಡೀ ಆಸ್ಪತ್ರೆಯ ಬಟ್ಟೆ, ರಜೆಯಲ್ಲಿ ಮನೆಯ ಬಟ್ಟೆ. ಅವಳ ಬೆರಳ ತುದಿಗಳು ಬೆಂದು ನುಣ್ಣಗಾಗಿವೆ, ಬಿಸಿ ಪಾತ್ರೆಯನ್ನೂ ಬರಿಗೈಯಲ್ಲೇ ಇಳಿಸುತ್ತಾಳೆ.

“ಅಮ್ಮ, ಕತ್ತರಿ ಮೊಟ್ಟೆನ ಹಿಂದಿನ ಮೂಲೆಗೆ ಇಡೋಳು ನೀನು ಅಲ್ವಾ?”

ಅವಳು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ತೆಗೆಯಲಿಲ್ಲ.

“ತಣ್ಣಗಿರೋದನ್ನ ಆ ಗಳಿಗೆಗೆ ತೆಗೆದು ಇಡ್ತೀಯ. ಹೌದಾ ಅಲ್ವಾ?”

ಕ್ಲಿಪ್ಪು ತೆಗೆದಳು, ಬಟ್ಟೆಗೆ ಸಿಕ್ಕಿಸಿದಳು. “ಹೌದು.”

ಜಗಳಕ್ಕೆ ಸಜ್ಜಾಗಿ ಬಂದವನು ನಾನು. ಹೌದು ಅಂದುಬಿಟ್ಟರೆ ಮುಂದೆ ಏನು ಮಾಡುವುದೆಂದು ಗೊತ್ತಿರಲಿಲ್ಲ. “ಹೆತ್ತ ತಾಯಿ ನೀನು! ನಾಚಿಕೆ ಆಗಲ್ವಾ?”

“ಸರಿ, ಯಾರದ್ದು ಒಡೀಬೇಕು ಹೇಳು,” ಅಂದಳು. ಸ್ವರ ಏರಿಸಲಿಲ್ಲ. “ನಿಮ್ಮಪ್ಪಂದಾ? ಟ್ಯಾಂಕರ್ ಬಿಟ್ಟು ಮನೇಲಿ ಕೂತ್ರೆ ತಟ್ಟೆಗೆ ಏನು ಬೀಳುತ್ತೆ? ನಂದಾ? ಲಾಂಡ್ರಿಯೋರು ನನ್ನ ಜಾಗ ಇಟ್ಕೊಂಡು ಕಾಯ್ತಾರಾ? ನಿಂದಾ? ನೀನು ಇವತ್ತಿನವರೆಗೆ ನಿಮ್ಮಜ್ಜಿ ಬಟ್ಟೆ ಒಂದನ್ನಾದ್ರೂ ಹಿಂಡಿದೀಯಾ? ಹೇಳು, ಯಾರದ್ದು ಒಡೆಯಲಿ? ನೀನು ಹೇಳಿದ್ದನ್ನೇ ಹಿಂದಿಡ್ತೀನಿ.”

“ಯಾರದ್ದೂ ಯಾಕೆ ಒಡೀಬೇಕು?”

ಅಮ್ಮ ನನ್ನ ಕಡೆ ನೋಡಿದಳು, ಚಿಕ್ಕ ಮಗು ನೆಲಕ್ಕೆ ಬಿದ್ದದ್ದನ್ನು ಬಾಯಿಗಿಟ್ಟುಕೊಂಡಾಗ ನೋಡುವ ಹಾಗೆ. “ಬಾಯಿಬಿಟ್ಟು ಹೇಳೋದಕ್ಕಿಂತ ಇದು ವಾಸಿ ಅನ್ನಿಸ್ತು. ನೀನು ಉಳ್ಕೋ ಮಗಳೇ ಅಂತ ಯಾವ ಬಾಯಲ್ಲಿ ಹೇಳಲಿ? ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಸತ್ತಿದ್ದು ಅಕ್ಕ.”

ಹಸಿ ಬಟ್ಟೆಯಿಂದ ಮುಖಕ್ಕೆ ಬಾರಿಸಿದಳು. ಡೆಟಾಲಿನ ವಾಸನೆ. ಆಮೇಲೆ ಅದೇ ಬಟ್ಟೆಯನ್ನು ಕೊಡವಿ ತಂತಿಗೆ ಹಾಕಿದಳು.

*

“ಈ ಸಲ ಜಡೆ ನಾನು ಸುಡೋದು,” ಅಂತ ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ. “ಬೇಕರಿ ಒಲೇಲಿ.”

“ಮನೆ ಒಲೆಗೇನು ರೋಗ?” ಅಂದ ಅಪ್ಪ.

“ಹಿಂದಿನ ಮೂಲೆ ರೋಗ.”

ಅಮ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದಳು. ಅಪ್ಪ ಅವಳನ್ನೂ ನನ್ನನ್ನೂ ನೋಡಿ, “ನಾನು ನೀರು ಸಾಗಿಸೋನಪ್ಪ. ಬೆಂಕಿ ವ್ಯವಹಾರಕ್ಕೆ ನನ್ನನ್ನ ಕರೀಬೇಡಿ,” ಎಂದು ತಟ್ಟೆ ಎತ್ತಿಕೊಂಡು ಎದ್ದ. ಅವನು ಯಾವಾಗಲೂ ಹೀಗೇ. ನಗಿಸಿ ಜಾರಿಕೊಳ್ಳುತ್ತಾನೆ.

ತಕರಾರು ಬರುವುದಿದ್ದರೆ ಅಜ್ಜಿಯಿಂದ ಎಂದುಕೊಂಡಿದ್ದೆ. ಅವಳೋ, “ಸುಡಲಿ ಬಿಡ್ರೇ. ಮೊಮ್ಮಗ ಬೇಕರಿಯೋನು ಅಂತ ನಾನೂ ನಾಲ್ಕು ಜನಕ್ಕೆ ಹೇಳ್ಬೇಡ್ವಾ? ಆದ್ರೆ ಹಿಟ್ಟು ನನ್ನ ಕಣ್ಣ ಮುಂದೆ ಹೆಣೀಬೇಕು,” ಅಂದಳು.

ಶನಿವಾರ ಮಧ್ಯಾಹ್ನ ಮಂಚದ ಪಕ್ಕಕ್ಕೆ ಮೇಜು ಎಳೆದೆವು. ತಪಸ್ಸು ಕಾಲದ ಇಷ್ಟು ವಾರ ಬೆಣ್ಣೆ, ಮೊಟ್ಟೆ ಮುಟ್ಟದ ಮನೆಯಲ್ಲಿ ಬೆಣ್ಣೆಯ ವಾಸನೆ ಏಳುತ್ತಲೇ ಅಪ್ಪ ಸುಮ್ಮಸುಮ್ಮನೆ ಕೋಣೆಗೆ ಬಂದು ಹೋಗತೊಡಗಿದ. ಅಜ್ಜಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಗುರುತು ಬರೆದಳು.

“ಇದೇನಜ್ಜಿ, ನನ್ನ ಕತ್ತರಿ ಮಿಡತೆ ಥರ ಆಗಿದೆ,” ಅಂದಳು ಅಕ್ಕ.

“ಹಾರೋದಕ್ಕೆ ಅದೇ ವಾಸಿ,” ಅಂದಳು ಅಜ್ಜಿ. ಯಾರೂ ನಗಲಿಲ್ಲ. ಅವಳು ನಗಿಸಲು ಹೇಳಿದಳೋ ಇಲ್ಲವೋ ಗೊತ್ತಾಗಲಿಲ್ಲ.

ನಾನು ಹೆಣೆದೆ.

“ಬಿಗಿ ಹಾಕೋ. ಇಷ್ಟು ಸಡಿಲ ಜಡೆ ಹಾಕ್ಕೊಂಡು ಯಾರಾದ್ರೂ ಮದುವೆಗೆ ಹೋಗ್ತಾರಾ?”

“ಉಬ್ಬೋಕೆ ಜಾಗ ಬೇಕು ಅಜ್ಜಿ.”

“ಉಬ್ಬು, ಉಬ್ಬು. ಕೊನೆಗೆ ಎಲ್ಲರೂ ಇಳಿಯೋರೇ.”

ಮೊಟ್ಟೆಗಳನ್ನೆಲ್ಲ ನಾನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟಿದ್ದೆ. ಅಮ್ಮ ಬಟ್ಟಲಿಗೆ ಬೆರಳು ಅದ್ದಿ ನೋಡಿದಳು.

“ಎಲ್ಲಾನೂ ಬೆಚ್ಚಗೆ ಮಾಡಿದ್ಯಾ?”

“ಎಲ್ಲಾನೂ.”

“ಆಮೇಲೆ?”

“ಆಮೇಲೇನು?”

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ತಟ್ಟೆಗೆ ಬಟ್ಟೆ ಮುಚ್ಚಿ ಬೇಕರಿಗೆ ಹೊತ್ತೆ. ಬಾಗಿಲು ತೆರೆದು ಹಿಡಿಯಲು ಅಕ್ಕ ಮೆಟ್ಟಿಲವರೆಗೆ ಬಂದಳು. ಅಲ್ಲಿ ಅವಳಿಗೆ ಮೇಸ್ತ್ರಿಯ ವಿಷಯ ಹೇಳಿದೆ. ನೀನೂ ಹೋಗ್ತೀಯ, ನಾನೂ ಹೋಗ್ತೀನಿ ಅಂದೆ. ಅವಳು ಏನೋ ಕೇಳಲು ಬಾಯಿ ತೆರೆದು, ಒಳಗಿನಿಂದ ಅಜ್ಜಿ ಕೂಗಿದ್ದರಿಂದ ಒಳಗೆ ಹೋದಳು.

ಒಲೆಯನ್ನು ಮೇಸ್ತ್ರಿ ನನಗೇ ಬಿಟ್ಟಿದ್ದರು. ಜಡೆಯನ್ನು ನಟ್ಟ ನಡುವೆ ಇಟ್ಟೆ. ತೆಗೆದಾಗ ಹೊಂಬಣ್ಣ ತಿರುಗಿತ್ತು. ಮೇಸ್ತ್ರಿ ಬಗ್ಗಿ ಒಂದೊಂದೇ ಮೊಟ್ಟೆ ನೋಡಿ, ಇಲ್ಲದ ಹುಬ್ಬು ಏರಿಸಿ, “ಒಂದು ಗೆರೆ ಇಲ್ವಲ್ಲೋ,” ಅಂದರು. ಮನೆಗೆ ಬರುವಾಗ ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅಂಥ ಕೆಲಸ ನಾನು ಜೀವಮಾನದಲ್ಲಿ ಮಾಡಿರಲಿಲ್ಲ.

*

ಈಸ್ಟರ್ ಬೆಳಗ್ಗೆ ಪೂಜೆಯಿಂದ ಬಂದ ಮೇಲೆ ಅಕ್ಕ ಅಜ್ಜಿಯನ್ನು ಕುರ್ಚಿಗೆ ಎತ್ತಿ ಕೂರಿಸಿ, ವಾಲದಂತೆ ಟವೆಲಿನಿಂದ ಬೆನ್ನಿಗೆ ಕಟ್ಟಿ, ಮೇಜಿನ ತುದಿಗೆ ತಂದಳು. ಹೊಲಿಗೆ ಮಿಷನ್ನಿನ ಕೆಳಗೆ ಅವಳ ಬ್ಯಾಗು ಶುಕ್ರವಾರದಿಂದಲೇ ಕಟ್ಟಿಟ್ಟಿತ್ತು. ಎಲ್ಲರೂ ಅದನ್ನು ದಾಟಿಕೊಂಡು ಓಡಾಡುತ್ತಿದ್ದರು, ಯಾರೂ ನೋಡಿರಲಿಲ್ಲ.

ಸೂಪು, ಮಾಂಸ, ಬೆಣ್ಣೆ. ನಡುವೆ ಜಡೆ. ಅಪ್ಪ ಪ್ರಾರ್ಥನೆ ಹೇಳಿ, ಬ್ರೆಡ್ಡು ಮುರಿದು, ಅವರವರ ಮೊಟ್ಟೆ ಅವರವರ ಕೈಗೆ ಕೊಟ್ಟ.

ತನ್ನ ಚಕ್ರವನ್ನು ತಿರುಗಿಸಿ ನೋಡಿದ. “ಗಟ್ಟಿ.”

ಇಸ್ತ್ರಿಪೆಟ್ಟಿಗೆ ಗಟ್ಟಿ. ಶಿಲುಬೆ ಗಟ್ಟಿ, ಅದು ಯಾವತ್ತೂ ಒಡೆದದ್ದಿಲ್ಲ, ಅಜ್ಜಿ ಯಾವತ್ತೂ ಎಲ್ಲಿಗೂ ಹೋದದ್ದೂ ಇಲ್ಲ. ಸೊನ್ನೆ ಗಟ್ಟಿ. ಅಕ್ಕ ತನ್ನದನ್ನು ಎರಡೂ ಅಂಗೈಯೊಳಗೆ ಮುಚ್ಚಿಕೊಂಡು ಕೂತಿದ್ದಳು.

“ತಿರುಗಿಸೇ,” ಅಂದೆ.

ತಿರುಗಿಸಿದಳು. ಮಿಡತೆಯಂಥ ಕತ್ತರಿ, ಮೇಲೆ ಒಂದು ಕೂದಲೆಳೆಯಷ್ಟು ಬಿರುಕಿಲ್ಲ.

ನಾನು ಕಾದೆ. ಯಾರಾದರೂ ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡಿದ್ದೆನೋ ಏನೋ. ಚರ್ಚಿನ ಗಂಟೆ ಮತ್ತೆ ಹೊಡೆಯುತ್ತಿತ್ತು. ಅಪ್ಪ “ಹಂಗಾದ್ರೆ…” ಅಂದ.

“ಯಾವುದೂ ಒಡೆದಿಲ್ವಾ?” ಅಜ್ಜಿ ಕೇಳಿದಳು. “ಸರಿಯಾಗಿ ನೋಡ್ರೋ.”

“ಯಾವುದೂ ಇಲ್ಲ ಅಜ್ಜಿ.”

“ಹಂಗಾದ್ರೆ ನಾಳೆ ನನ್ನನ್ನ ಎತ್ತೋರ್ಯಾರು?”

ಉಪ್ಪು ಕೊಡು ಅಂದಷ್ಟು ಸಾದಾ ಆಗಿ ಕೇಳಿದಳು. ಆ ಮೇಜಿನ ಮೇಲೆ ಆ ಮಾತು ಅಲ್ಲಿಯವರೆಗೆ ಒಮ್ಮೆಯೂ ಬಂದಿರಲಿಲ್ಲ. ಅದನ್ನು ಹೇಳದೆ ಇರುವುದಕ್ಕೇ ತಾನೇ ಅಷ್ಟು ವರ್ಷ ಮೊಟ್ಟೆ ಒಡೆದದ್ದು. ಅಪ್ಪ ಅಮ್ಮನನ್ನು ನೋಡಿದ. ಅಮ್ಮ ತಟ್ಟೆಯನ್ನು ನೋಡಿದಳು. ಆಮೇಲೆ ಎಲ್ಲರ ಕಣ್ಣೂ ಅಕ್ಕನ ಕಡೆ ಹೊರಳಿದವು. ಗಮನಿಸಿಕೊಂಡರೆ, ನನ್ನವೂ ಅಲ್ಲೇ ಇದ್ದವು.

ಅಕ್ಕ ಮೊಟ್ಟೆಯನ್ನು ತಟ್ಟೆಗಿಟ್ಟು ಎದ್ದಳು. “ಮೊದ್ಲು ತಿನ್ನಿ, ಸೂಪ್ ಆರುತ್ತೆ. ನಾನು ಫೋನ್ ಮಾಡಿ ಕೇಳ್ತೀನಿ. ಇನ್ನೊಂದು ವಾರ ತಡೀತಾರೇನೋ…” ಹೇಳುತ್ತಲೇ ಅವಳ ಕೈ ಅಜ್ಜಿಯ ಗಲ್ಲ ಒರೆಸುತ್ತಿತ್ತು. ಅವಳು ಕಳಿಸಿದ ಕೈಯಲ್ಲ ಅದು. ತಾನಾಗಿ ಹೋಗಿತ್ತು.

ಅಮ್ಮ ಉಸಿರು ಬಿಟ್ಟಳು. ಉಸ್ಸಂತ. ಈ ಸಲ ನನಗೂ ಕೇಳಿಸಿತು.

ನನ್ನ ಸೊನ್ನೆಯನ್ನು ಎತ್ತಿ ಹಣೆಗೆ ಚಚ್ಚಿಕೊಂಡೆ. ಟಪ್ ಅಂತು. ಚಿಪ್ಪು ಸೂಪಿಗೆ ಉದುರಿತು.

“ಹುಚ್ಚು ಹಿಡೀತೇನೋ ನಿಂಗೆ?” ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿದ.

“ಒಡೀತು. ನೋಡ್ಕೊಳ್ಳಿ ಎಲ್ಲರೂ. ಸೊನ್ನೆ ಒಡೀತು.”

“ಅದೆಲ್ಲ ಲೆಕ್ಕಕ್ಕಿಲ್ಲ. ನೀನೇ ಒಡ್ಕೊಂಡೆ.”

“ಒಡೆದದ್ದು ಒಡೆದದ್ದೇ,” ಅಂದಳು ಅಜ್ಜಿ. “ಇಷ್ಟು ವರ್ಷ ಯಾವುದು ತಾನಾಗೇ ಒಡೆದಿತ್ತು?”

ಅಮ್ಮನ ಕೈಯ ಸೌಟು ನಿಂತಿತು. ಅಜ್ಜಿ ಅವಳ ಕಡೆ ನೋಡಲೂ ಇಲ್ಲ. ಎಡಗೈಯಿಂದ ತನ್ನ ಶಿಲುಬೆಯ ಚಿಪ್ಪನ್ನು ಉಗುರಲ್ಲಿ ಕೀಳತೊಡಗಿದಳು.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. “ಬನ್ನು, ನಿಂಗೆ ಆ ಮೇಸ್ತ್ರಿ…”

“ಸುಮ್ನಿರು.”

“ಯಾವ ಮೇಸ್ತ್ರಿ?” ಅಂದ ಅಪ್ಪ.

“ಯಾರೂ ಇಲ್ಲ. ಬೆಣ್ಣೆ ಕೊಡು.”

*

ಸೋಮವಾರ ಬೆಳಗ್ಗೆ ಅಕ್ಕ ನನಗೆ ಎತ್ತುವುದನ್ನು ಕಲಿಸಿದಳು. ಮೊಣಕಾಲು ಇಲ್ಲಿ. ಕೈ ಇಲ್ಲಿ, ಕಂಕುಳಲ್ಲಿ ಅಲ್ಲ, ನೋವಾಗುತ್ತೆ. ಭಾರವನ್ನ ಬೆನ್ನಿಗೆ ಹಾಕ್ಕೋಬೇಡ, ಕಾಲಿಗೆ ಹಾಕ್ಕೋ.

“ಅಯ್ಯೋ, ಹಿಟ್ಟು ನಾದೋ ಹಾಗೆ ಹಿಡೀತಾನಲ್ಲೇ,” ಅಜ್ಜಿ ಕೂಗಿದಳು. “ನಾನೇನು ಮೈದಾ ಮೂಟೇನೇನೋ?”

“ಮೂಟೆ ಬಾಯಿ ಮಾಡಲ್ಲ ಅಜ್ಜಿ.”

ಅಕ್ಕ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. ಉಳಿದ ಜಡೆಯ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಕತ್ತರಿ ಮೊಟ್ಟೆಯನ್ನು ತಿಂದಿರಲಿಲ್ಲ, ಅದನ್ನೂ ಹಾಕಿಕೊಂಡಳು. ಅಪ್ಪ ಟ್ಯಾಂಕರಿನಲ್ಲೇ ಬಸ್ ನಿಲ್ದಾಣಕ್ಕೆ ಬಿಟ್ಟ. ಅಮ್ಮ ಬಾಗಿಲಲ್ಲಿ ನಿಂತು, “ಊಟ ಬಿಡಬೇಡ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಏನೋ ಹೇಳುವವಳಂತೆ ನಿಂತು, “ಬಕೆಟ್ ತುಂಬಿದೆ, ಚೆಲ್ಲು,” ಅಂದಳು.

ಬೇಕರಿ ಮಾಲೀಕನಿಗೆ ಇನ್ನು ಮೇಲೆ ಬೆಳಗ್ಗೆ ಬರಲಾಗುವುದಿಲ್ಲ ಅಂದೆ. ಬೆಳಗ್ಗೆ ನಿಲ್ಲಲಾಗದವನಿಗೆ ಒಲೆ ಇಲ್ಲ ಅಂದ. ಅಮ್ಮ ಲಾಂಡ್ರಿಯಿಂದ ಬಂದ ಮೇಲೆ ಸಂಜೆ ನಾನು ಅಲ್ಲಿ ಪ್ಯಾಕಿಂಗಿಗೆ ಹೋಗಬೇಕು. ಬೇರೆ ಯಾರೋ ಸುಟ್ಟ ಬನ್ನನ್ನು ನಾನು ಪ್ಲಾಸ್ಟಿಕ್ಕಿಗೆ ತುಂಬಬೇಕು. ಮೇಸ್ತ್ರಿಗೆ ಬರುವುದಿಲ್ಲ ಎಂದು ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಗುರುವಾರ ಬೆಳಗ್ಗೆ ವ್ಯಾನು ನಿಮ್ಮ ಬೀದಿ ಮೇಲೇ ಹೋಗುತ್ತೆ. ಹಾರನ್ ಹಾಕ್ತೀನಿ. ಮನಸ್ಸು ಬದಲಾದ್ರೆ ಇಳಿದು ಬಾ. ಇಲ್ಲಾ, ಕಿಟಕೀಲಿ ಕೈಯಾದ್ರೂ ಬೀಸು.”

ಬೀಸ್ತೀನಿ ಅಂದೆ.

ಗುರುವಾರ ಅಪ್ಪ, ಅಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಅಜ್ಜಿಯ ಬಟ್ಟೆ ಬದಲಿಸಿ, ಒರೆಸಿ, ಪೌಡರ್ ಹಾಕಿ, ಮಂಚದ ಮೇಲೆ ಮೊಣಕಾಲು ಊರಿದೆ.

“ಕತ್ತು ಹಿಡ್ಕೋ ಅಜ್ಜಿ.”

ಅವಳ ತಣ್ಣನೆಯ ಕೈ ನನ್ನ ಕುತ್ತಿಗೆಯ ಸುತ್ತ ಬಿದ್ದಿತು. ಎತ್ತಿದೆ. ಮಂಚಕ್ಕೂ ಕುರ್ಚಿಗೂ ನಡುವೆ, ಅವಳ ಇಡೀ ಭಾರ ನನ್ನ ಎದೆಯ ಮೇಲೆ ಇರುವಾಗ, ಕೆಳಗೆ ಬೀದಿಯಲ್ಲಿ ಹಾರನ್ ಕೇಳಿಸಿತು. ಕಿಟಕಿ ನನ್ನ ಬೆನ್ನ ಹಿಂದೆ ಇತ್ತು. ತಿರುಗಲು ಹೋದರೆ ಅವಳ ಸತ್ತ ಕಾಲು ನನ್ನ ಕಾಲಿಗೆ ತೊಡರಿತು.

ಮತ್ತೆ ಹಾರನ್.

“ಯಾರೋ ಅದು, ಬೆಳಬೆಳಗ್ಗೆ ಬಡ್ಕೊಳ್ತಿರೋದು?” ಅಂದಳು ಅಜ್ಜಿ ನನ್ನ ಕಿವಿಯಲ್ಲಿ.

“ಯಾರೂ ಇಲ್ಲ. ಗಟ್ಟಿಯಾಗಿ ಹಿಡ್ಕೋ.”

ಅವಳು ಹಿಡಿದುಕೊಂಡಳು. ವ್ಯಾನು ಗೇರ್ ಬದಲಿಸಿ, ತಿರುವು ದಾಟಿ, ದೊಡ್ಡ ರಸ್ತೆಯ ಗಲಾಟೆಯಲ್ಲಿ ಸೇರಿಹೋಗುವವರೆಗೂ ನಾವಿಬ್ಬರೂ ಹಾಗೇ ನಿಂತಿದ್ದೆವು.

“ಸೊಂಟ ಹಿಡೀತೇನೋ?” ಅಜ್ಜಿ ಕೇಳಿದಳು.